ಮೊಣಕಾಲಕ್ಕನ ಹಠ

ಎಲ್ಲರ ಪ್ಯಾಂಟೂ ಅಂಚಿನಲ್ಲಿ ಸವೆದರೆ ಅವರದು ಮೊಣಕಾಲಿನಲ್ಲಿ ಸವೆಯುತ್ತಿತ್ತು. ಆಸ್ಪತ್ರೆಗಳಿಗೆ ಉಪಕರಣ ತಯಾರಿಸುವ ನಮ್ಮ ಕಾರ್ಯಾಗಾರದ ಹಿರಿಯ ವಿನ್ಯಾಸಕಿಯಾದ ಅವರು, ಮಕ್ಕಳೊಡನೆ ಮಾತಾಡಬೇಕಾದರೆ ನೆಲಕ್ಕೆ ಮೊಣಕಾಲೂರಿ, ತಮ್ಮ ಕಣ್ಣನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿಕೊಂಡ ಮೇಲಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಮೊಣಕಾಲಕ್ಕ ಎಂಬುದು ಮಕ್ಕಳೇ ಇಟ್ಟ ಹೆಸರು. ಕೈಪಿಡಿ ಬರೆಯುವ ಕೆಲಸದವನಾದ ನಾನು ಅದನ್ನು ಅವರ ಬೆನ್ನ ಹಿಂದೆ ಮಾತ್ರ ಬಳಸುತ್ತಿದ್ದೆ.

ಮಕ್ಕಳಿಗೆಂದು ಮಾಡುವ ಯಾವ ವಸ್ತುವಿನ ನಕ್ಷೆಯ ಕೆಳಗೂ ಒಂದು ಮಗುವಿನ ಸಹಿ ಇರಲೇಬೇಕೆಂಬುದು ಅವರ ಅಲಿಖಿತ ಶಾಸನ. ಸಹಿಯೆಂದರೆ ಎಷ್ಟೋ ಸಲ ಬರಿಯ ಬೆಕ್ಕಿನ ಚಿತ್ರ. ಬೆಕ್ಕು ಬೀಳದೆ ನಕ್ಷೆ ಮುಂದಕ್ಕೆ ಹೋಗುವಂತಿರಲಿಲ್ಲ. ಹಿಂದೊಮ್ಮೆ ಮಕ್ಕಳು ಭಾರ ಎಂದದ್ದನ್ನು ಕೇಳಿಯೂ ಕೇಳದಂತೆ ಅಕ್ಕನೇ ಮಾಡಿಸಿದ ಕೈಪಟ್ಟಿಗಳನ್ನು ಒಂದು ಮಗುವೂ ಕಟ್ಟಿಕೊಳ್ಳಲಿಲ್ಲ. ಅವುಗಳಲ್ಲೊಂದು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು.

ಮಕ್ಕಳ ವಾರ್ಡಿನಲ್ಲಿ ದಾದಿಯನ್ನು ಕರೆಯುವ ಗುಂಡಿಯ ಸರದಿ ಬಂತು. ವಾರವಿಡೀ ಮಾದರಿಯನ್ನು ಇಟ್ಟು ನೋಡಿದರೂ ಒಂದೆರಡು ಸಲಕ್ಕಿಂತ ಹೆಚ್ಚು ಯಾರೂ ಒತ್ತಲಿಲ್ಲ. ಮಕ್ಕಳು ನೆಮ್ಮದಿಯಾಗಿದ್ದಾರೆಂದು ನಮ್ಮ ಮುಖ್ಯಸ್ಥರು ಹಿಗ್ಗಿದರು. ನಾನೂ ಕೈಪಿಡಿ ಮುಗಿಸಿ ಕೈತೊಳೆದುಕೊಂಡಿದ್ದೆ. ಆದರೆ ಬಹಳ ದಿನದಿಂದ ಆ ವಾರ್ಡಿನಲ್ಲೇ ಇದ್ದ ಒಂಬತ್ತರ ಹುಡುಗಿ ಸಹಿ ಹಾಕಲು ಒಪ್ಪಲಿಲ್ಲ.

"ನಾಳೆ ಈ ಗುಂಡಿ ಎರಕದ ಅಚ್ಚಿಗೆ ಹೋಗ್ಬೇಕು ಕಣಮ್ಮಾ. ಮಕ್ಕಳ ಮಾತು ಕಟ್ಕೊಂಡು ಕೂತ್ರೆ ಈ ಕೆಲಸ ಕೈತಪ್ಪುತ್ತೆ" ಎಂದು ಮುಖ್ಯಸ್ಥರು ವಾರ್ಡಿಗೇ ಬಂದು ಸಿಡುಕಿದರು.

"ಇವಳು ಒಪ್ಪೋವರೆಗೂ ನಂದೂ ಸಹಿ ಇಲ್ಲ ಸಾರ್. ಬೇಕಾದ್ರೆ ನನ್ನನ್ನೇ ತೆಗೆದುಹಾಕಿ" ಎಂದ ಅಕ್ಕ, ಹಾಸಿಗೆಯ ಪಕ್ಕ ಮೊಣಕಾಲೂರಿದರು. "ಯಾಕೆ ಬೇಡ, ಹೇಳು ಪುಟ್ಟಾ."

ಹುಡುಗಿ ಹೊದಿಕೆಯ ಅಂಚನ್ನು ತಿರುಚಿದಳು, ಬಿಚ್ಚಿದಳು, ಮತ್ತೆ ತಿರುಚಿದಳು. ಅಕ್ಕ ಅಲುಗಲಿಲ್ಲ.

"ಒತ್ತಿದ್ರೆ ಜೋರಾಗಿ ಬೆಲ್ಲಾಗುತ್ತೆ, ಸಿಸ್ಟರ್ ಓಡಿ ಬರ್ತಾರೆ, ಎಲ್ಲಾ ಅಮ್ಮಂದಿರೂ ಎದ್ದು ನೋಡ್ತಾರೆ. ಸ್ವಲ್ಪವೇ ನೋವಿದ್ರೆ ನಾಚ್ಕೆ ಆಗಲ್ವಾ? ಅದಕ್ಕೇ ಜಾಸ್ತಿ ಆಗೋವರೆಗೂ ತಡ್ಕೋತೀವಿ."

ಮುಖ್ಯಸ್ಥರು ನಕ್ಷೆಯನ್ನು ಹಾಸಿಗೆಯ ಮೇಲೆ ಹರಡಿದರು. ನನಗೆ ನನ್ನ ಕೈಪಿಡಿಯ ಬಗ್ಗೆಯೇ ನಾಚಿಕೆಯಾಯಿತು. ಅಕ್ಕ ಬಣ್ಣದ ಪೆನ್ಸಿಲು ಕೊಟ್ಟರು. ನಕ್ಷೆಯಲ್ಲಿದ್ದ ಕೆಂಪು ಗುಂಡಿಯ ಪಕ್ಕ ಹುಡುಗಿ ಒಂದು ಪುಟ್ಟ ಹಳದಿ ಗುಂಡಿ ಬರೆದಳು: ಒತ್ತಿದರೆ ಸದ್ದಿಲ್ಲ, ದಾದಿಯ ಮೇಜಿನ ಮೇಲೊಂದು ದೀಪ ಮಾತ್ರ. "ಇದು ನಿಧಾನಕ್ಕೆ ಬನ್ನಿ ಅನ್ನೋದು" ಎಂದು ಕೆಳಗೆ ಬೆಕ್ಕು ಬಿಡಿಸಿದಳು. ಅಚ್ಚು ಮೂರು ವಾರ ತಡವಾಯಿತು.

ಮಕ್ಕಳ ಕೆನ್ನೆ ಹಿಂಡುವವರು ಎಲ್ಲೆಲ್ಲೂ ಸಿಗುತ್ತಾರೆ. ಮಗು ಬೇಡವೆಂದಾಗ ತನ್ನ ಜಾಣತನವನ್ನು ಬದಿಗಿಟ್ಟು, ಕಾರಣ ಹೊರಬರುವವರೆಗೂ ಮೊಣಕಾಲೂರಿ ಕಾಯುವವರು ವಿರಳ. ನೋವು ಸಣ್ಣದಿದ್ದಾಗಲೇ ಕರೆಯಬಹುದೆಂಬ ಧೈರ್ಯ ಮಕ್ಕಳಿಗೆ ಬರುವುದು ಅಂಥ ಹಠಮಾರಿಗಳಿಂದ.