ಉಸಿರಾಡುವ ಕೊಳವೆ

ಮನ್ ಚಿಕ್ಕಮ್ಮ ಚಹಾದ ಲೋಟ ಬಾಯಿಗಿಟ್ಟವಳೇ ಅಂಗಳಕ್ಕೆ ಉಗುಳಿದಳು. "ನೋಡು ನಿನ್ನ ಸಿಹಿನೀರು! ಇದಕ್ಕಿಂತ ನನ್ನ ಕಣ್ಣೀರೇ ವಾಸಿ."

ತ್ರಾಮ್ ತಲೆ ತಗ್ಗಿಸಿದಳು. ಮೆಕಾಂಗ್ ನದಿ ಸಮುದ್ರ ಸೇರುವ ಈ ದ್ವೀಪದಲ್ಲಿ ಚಿಕ್ಕಮ್ಮನ ಕೊಳವೆಬಾವಿಗೆ ಜಾಗ ತೋರಿಸಿದವಳು, ಅಂತರ್ಜಲದ ವಿಷಯ ಓದಿಕೊಂಡ ಅವಳೇ. ಉಪ್ಪುನೀರಲ್ಲಿ ಅಕ್ಕಿ ನೆನೆಹಾಕಿದರೆ ಶಾವಿಗೆ ತುಂಡುತುಂಡಾಗುತ್ತದೆ. ಗಂಡ ಸತ್ತ ಮೇಲೆ ಚಿಕ್ಕಮ್ಮನ ಕೈಹಿಡಿದದ್ದು ಆ ಶಾವಿಗೆಯ ಒಲೆ. ಅದೀಗ ಆರಿಹೋಗಿತ್ತು.

ಬಾವಿ ಕೊರೆಯುವುದೇ ಕಸುಬಾಗಿದ್ದ ಚಿಕ್ಕಮ್ಮನ ಮೈದುನ ಖಾಂಗ್ ಆಗಲೇ ಬೋರ್ ಕೊರೆಯುವ ಯಂತ್ರ ತಂದು ನಿಲ್ಲಿಸಿದ್ದ. "ಇನ್ನೂ ಆಳಕ್ಕೆ ಹೋಗೋಣ ಅತ್ತಿಗೆ. ಓದಿದವರ ಮಾತು ಕೇಳಿದ್ದಾಯ್ತಲ್ಲ!"

"ಇನ್ನೊಂದು ತೂತು ಬೇಡ ಮಾವ," ಎಂದಳು ತ್ರಾಮ್. "ಮೇಲಿನ ಮರಳಲ್ಲಿ ಉಪ್ಪುನೀರು, ಕೆಳಗಿನ ಮರಳಲ್ಲಿ ಸಿಹಿನೀರು. ನಡುವೆ ಜೇಡಿಮಣ್ಣಿದೆ, ಪಾತ್ರೆಗೆ ಮುಚ್ಚಳ ಇದ್ದಂಗೆ. ಉಪ್ಪು ತಾನಾಗೇ ಇಳಿಯಲ್ಲ. ಎಲ್ಲೋ ಮುಚ್ಚಳ ತೂತಾಗಿದೆ."

"ಎಲ್ಲಿ? ನಿನ್ನ ತಲೇಲಾ?"

ಹೊಸ ಬಾವಿಯ ಕೊಳವೆಯನ್ನು ಅವಳು ತಳದವರೆಗೂ ಪರೀಕ್ಷಿಸಿದ್ದಳು; ಒಂದು ಬಿರುಕೂ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹಿತ್ತಲಿಗೆ ಹೋದರೆ, ಬಾತುಕೋಳಿ ಗೂಡಿನ ಹಿಂದೆ ಚಿಕ್ಕಮ್ಮ ಒಂದು ಕೊಳವೆಯ ಬಾಯಲ್ಲಿ ಗಂಡನ ಹೆಸರಿಗೆ ಊದುಕಡ್ಡಿ ಹಚ್ಚುತ್ತಿದ್ದಳು. ಅದು ಚಿಕ್ಕಪ್ಪ ಕೊರೆಸಿದ್ದ ಹಳೆಯ ಬಾವಿ. ಪಾಳುಬಿದ್ದು ಎಷ್ಟೋ ಕಾಲವಾಗಿತ್ತು. ಬಾವಿಯ ಬಾಯಿ ಕಟ್ಟಿದರೆ ಮನೆಯವರ, ತೀರಿಕೊಂಡವರ ಉಸಿರೂ ಕಟ್ಟುತ್ತದೆಂದು, ಊರವರೆಲ್ಲ ಮಾಡುವಂತೆ, ಕಬ್ಬಿಣದ ಕೊಳವೆಯನ್ನು ತೆರೆದೇ ಬಿಟ್ಟಿದ್ದರು.

ತ್ರಾಮ್ ತಟ್ಟನೆ ಅಂಗಳದತ್ತ ತಿರುಗಿ ಕೂಗಿದಳು. "ಮಾವ, ಹೊಸ ಬಾವಿ ಪಂಪು ಹಾಕಿ!"

ಪಂಪು ಗುಡುಗುಟ್ಟಿತು. ಮೇಲೇಳುತ್ತಿದ್ದ ಊದುಕಡ್ಡಿಯ ಹೊಗೆ ತಡವರಿಸಿತು, ಬಾಗಿತು, ಕೊಳವೆಯೊಳಕ್ಕೆ ಇಳಿಯತೊಡಗಿತು. ಪಂಪು ನಿಲ್ಲಿಸಿದರೆ ಮತ್ತೆ ಮೇಲಕ್ಕೆ.

"ನಿನ್ನ ಚಿಕ್ಕಪ್ಪ ಉಸಿರಾಡ್ತಿದಾರೆ!" ಚಿಕ್ಕಮ್ಮ ಕೈಮುಗಿದಳು.

"ಅಲ್ಲ ಚಿಕ್ಕಮ್ಮ, ಬಾವಿಗೆ ಬಾವಿ ಸೇರಿಕೊಂಡಿದೆ. ಅಲ್ಲಿ ಎಳೆದ್ರೆ ಇಲ್ಲಿ ನೀರಿಳಿದು ಗಾಳಿ ಒಳಗೆ ಹೋಗುತ್ತೆ. ಈ ಕೊಳವೆ ಮುಚ್ಚಳ ದಾಟಿ ಕೆಳಗೆ ಹೋಗಿದೆ. ಮೇಲಿನ ಉಪ್ಪು ಮರಳಲ್ಲಿ ತುಕ್ಕು ತಿಂದು ತೂತಾಗಿದೆ, ಉಪ್ಪೆಲ್ಲ ಇದ್ರಲ್ಲೇ ಇಳೀತಿದೆ. ಮುಚ್ಚಬೇಕು."

"ನನ್ನ ಹೆಣ ಬಿದ್ದ ಮೇಲೆ ಮುಚ್ಚು!"

"ತಳದಿಂದ ಜೇಡಿಮಣ್ಣಿನ ಮಟ್ಟ ದಾಟೋ ತನಕ ಸಿಮೆಂಟು ತುಂಬೋಣ. ಬಾಯಿಗೆ ಬಿದಿರು ನೆಟ್ಟು ಗಾಳಿಗೆ ಬಿಡೋಣ. ಚಿಕ್ಕಪ್ಪ ಇನ್ನೂ ಉಪ್ಪುನೀರೇ ಕುಡೀಬೇಕಾ?"

ಚಿಕ್ಕಮ್ಮ ತಣ್ಣಗಾದ ಒಲೆಯತ್ತ ನೋಡಿದಳು. ಗೂಡಿಗೆ ಸಿಕ್ಕಿಸಿದ್ದ ಕತ್ತಿ ಎಳೆದುಕೊಂಡಳು.

"ಬಿದಿರು ನಾನೇ ಕಡೀತೀನಿ," ಎಂದಳು.

ಸಿಮೆಂಟು ಕಲಸಿದವನು ಖಾಂಗ್. ಆಮೇಲೆ ಹಗಲೆಲ್ಲ ಹೊಸ ಬಾವಿಯ ಪಂಪು ಓಡಿಸಿ, ಕೆಳಗೆ ಆಗಲೇ ಸೇರಿದ್ದ ಉಪ್ಪುನೀರನ್ನು ಕಾಲುವೆಗೆ ಬಿಟ್ಟರು. ದಾರಿಹೋಕರು ನಕ್ಕರು. ತ್ರಾಮ್ ದಿನವೂ ನಾಲಗೆಗೆ ಹಚ್ಚಿ ನೋಡಿದಳು: ಉಪ್ಪು, ಉಪ್ಪು, ಸ್ವಲ್ಪ ಕಡಿಮೆ ಉಪ್ಪು. ಎದೆಯಲ್ಲಿ ಅಳುಕಿತ್ತು, ಆದರೂ ಪಂಪು ನಿಲ್ಲಿಸಲಿಲ್ಲ.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ ಚಿಕ್ಕಮ್ಮ ಚಹಾ ಕುದಿಸಿ ಒಂದು ಗುಟುಕು ಕುಡಿದಳು. ಉಗುಳಲಿಲ್ಲ. ಇನ್ನೊಂದು ಗುಟುಕು ಕುಡಿದವಳೇ ಬಾತುಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾಗುವಂತೆ ಕೂಗಿದಳು: "ಸಿಹಿ ಕಣೇ! ಅಕ್ಕಿ ನೆನೆಹಾಕು, ಒಲೆ ಹಚ್ಚು!"

"ಈ ಹುಡುಗಿ ನನ್ನ ಹೊಟ್ಟೆ ಮೇಲೆ ಹೊಡೆದ್ಲು," ಎಂದು ನಗುತ್ತಲೇ ಖಾಂಗ್ ಯಂತ್ರವನ್ನು ದೋಣಿಗೆ ಏರಿಸಿದ. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದವರು ಊದುಕಡ್ಡಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಮ್ಮನೆ ಹಳೇ ಕೊಳವೇನೂ ನೋಡಮ್ಮ!" ತ್ರಾಮ್‌ಗೆ ಕುಣಿಯಬೇಕೆನಿಸಿತು.

ಚಿಕ್ಕಮ್ಮ ಒಂದು ಲೋಟ ಚಹಾ ಒಯ್ದು ಬಿದಿರಿನ ಬುಡದಲ್ಲಿಟ್ಟಳು.

"ಕುಡೀರಿ," ಎಂದಳು. "ಈಗ ಉಪ್ಪಿಲ್ಲ."