ಡುಲ್ಸಿನ್ ಟೀಚರ ಒಂಬತ್ತು ನಿಮಿಷ

ನಾಟಕದ ನಡುವೆ ಸನ್ಮಾನ ಇಡುವ ಪದ್ಧತಿ ಕಂಡುಹಿಡಿದವನ ಕೈ ಸೇದಿಹೋಗಲಿ ಎಂದು ಡುಲ್ಸಿನ್ ಟೀಚರ್ ಶಪಿಸಿದ್ದು ಅದೆಷ್ಟು ಸಲವೋ. ಶಪಿಸಿದ ಕೂಡಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು ಅನ್ನುವುದೂ ನಿಜ.

ಅವರ ಸಿಟ್ಟಿನಲ್ಲಿ ತಪ್ಪೆಂತ ಉಂಟು? ಮಂಗಳೂರಿನಲ್ಲಿ ನಾಟಕ ಅಂದರೆ ಹಾಗೆಯೇ. ಕತೆ ಕಾವೇರುವ ಹೊತ್ತಿಗೆ ಸರಿಯಾಗಿ ಪರದೆ ಬೀಳುತ್ತದೆ. ವೇದಿಕೆಗೆ ಕೆತ್ತನೆಯ ಕುರ್ಚಿ ಬರುತ್ತದೆ. ಪ್ರಾಯೋಜಕರು, ಪ್ರಾಯೋಜಕರ ಭಾವ, ಭಾವನ ಗೆಳೆಯ ಹೀಗೆ ಒಬ್ಬೊಬ್ಬರೇ ಬಂದು ಕೂತು, ಶಾಲು ಹೊದೆಸಿಕೊಂಡು, ಪೇಟ ಇಡಿಸಿಕೊಂಡು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಫೋಟೋಕ್ಕೆ ನಗುತ್ತಾರೆ. ಅಷ್ಟು ಹೊತ್ತಿಗೆ ನಾಯಕ ಬದುಕಿದ್ದನೋ ಸತ್ತಿದ್ದನೋ ಜನಕ್ಕೆ ಮರೆತೇ ಹೋಗಿರುತ್ತದೆ. ಹಾಸ್ಯ ನಾಟಕಕ್ಕಾದರೆ ನಡೆಯುತ್ತದೆ. ಟೀಚರ್ ಬರೆದದ್ದು ದುರಂತ ನಾಟಕ ಮಾರಾಯ್ರೆ.

ಬಲ್ಮಠದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವರು ಅವರು. ಈ ಒಂದು ನಾಟಕ ಬರೆಯಲಿಕ್ಕೇ ಹನ್ನೊಂದು ವರ್ಷ ತೆಗೆದುಕೊಂಡಿದ್ದರು. ಕತೆ ಹಳೆ ಬಂದರಿನ ಒಬ್ಬ ಮರದ ವ್ಯಾಪಾರಿಯದು. ಕಡಲಿಗಿಳಿಯುವ ಪ್ರತಿ ಹಡಗಿನ ಮೇಲೂ ತನ್ನ ಹೆಸರೇ ಇರಬೇಕೆಂದು ಅವನಿಗೆ ಹಟ. ಸೈತಾನ ಬಂದು, ಆಗಲಿ, ಕೊನೆಗೆ ನಿನ್ನ ಆತ್ಮ ಕೊಟ್ಟರೆ ಸಾಕು ಅನ್ನುತ್ತಾನೆ. ಕೊನೆಯ ದೃಶ್ಯದಲ್ಲಿ ಸೈತಾನ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಾನೆ. ವ್ಯಾಪಾರಿ ಒಬ್ಬನೇ ಮಾತಾಡುತ್ತಾನೆ. ದೇವರ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವನಿಗೆ ಇನ್ನೊಂದು ಹಡಗು ನೆನಪಾಗುತ್ತದೆ. ಕೇಳದೆಯೇ ಸೈತಾನನ ಹಿಂದೆ ಹೋಗುತ್ತಾನೆ. ಒಟ್ಟು ಒಂಬತ್ತು ನಿಮಿಷ. ತುಂಬಿದ ಸಭೆಯ ಎದುರು ಆ ಒಂಬತ್ತು ನಿಮಿಷ ಒಮ್ಮೆ ನಡೆದರೆ ಸಾಕು, ಮತ್ತೆ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಅನ್ನುತ್ತಿದ್ದರು ಟೀಚರ್.

ಹಾಲ್ ಕೊಟ್ಟವರು ಅಣ್ಣು ಶೆಟ್ಟರು. ನಗರದಲ್ಲಿ ಮೂರು ಹೋಟೆಲಿನ ಧಣಿ. ಲೈಟು ಅವರದ್ದು, ಮೈಕು ಅವರದ್ದು, ಬಂದವರಿಗೆ ಚಹಾ ಗೋಳಿಬಜೆಯೂ ಅವರದ್ದೇ.

"ಮಧ್ಯದಲ್ಲಿ ಒಂದು ಸಣ್ಣ ಸನ್ಮಾನ ಇಡುವ ಟೀಚರೇ. ಐದೇ ನಿಮಿಷ," ಅಂದರು.

ಐದು ನಿಮಿಷ ತಾನೇ ಎಂದು ಟೀಚರ್ ಒಪ್ಪಿದರು. ಮರುವಾರ ಒಂದಿದ್ದದ್ದು ಮೂರಾಯಿತು. ಅದಕ್ಕೂ ಒಪ್ಪಿದರು. ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಾಗ ನೋಡಿದರೆ ಏಳು ಹೆಸರು. ಬೆರಳು ಕೊಟ್ಟರೆ ಹಸ್ತ ನುಂಗುವವರು ಎಂದು ಮನೆಯಲ್ಲಿ ಕೂತು ಬೈದರು. ಶೆಟ್ಟರ ಎದುರು ಮಾತ್ರ ಕೋಲೆಬಸವನ ಹಾಗೆ ತಲೆ ಆಡಿಸಿದರು.

ಸೈತಾನನ ಪಾತ್ರದ ಅನ್ಸಾರ್, ಟೀಚರ ಹಳೇ ವಿದ್ಯಾರ್ಥಿ. ತೊಕ್ಕೊಟ್ಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟವನು. ಈ ಪಾತ್ರ ಒಪ್ಪಿಕೊಂಡದ್ದಕ್ಕೆ ಅವನ ಉಮ್ಮ ಒಂದು ವಾರ ಮಗನ ಹತ್ತಿರ ಮಾತು ಬಿಟ್ಟಿದ್ದರು. ಆದರೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಬಾಗಿಲಲ್ಲಿ ಒಂಬತ್ತು ನಿಮಿಷ ಅಲುಗಾಡದೆ ನಿಲ್ಲುವುದನ್ನು ಅಭ್ಯಾಸ ಮಾಡಿದ್ದ.

"ಟೀಚರ್, ನೀವು ಒಮ್ಮೆ ಶೆಟ್ರಿಗೆ ಆಗುವುದಿಲ್ಲ ಅಂತ ಹೇಳಿ," ಎಂದಿದ್ದ.

"ಹೇಳ್ತೇನೆ ಮಾರಾಯ. ಮತ್ತೆ ಹಾಲ್ ಯಾರು ಕೊಡ್ತಾರೆ? ನಿನ್ನ ಚಪ್ಪಲಿ ಅಂಗಡಿಯಲ್ಲಿ ಆಡುವುದಾ?"

ಆ ಭಾನುವಾರ ಸಂಜೆ ಆರಕ್ಕೆ ಶುರುವಾಗಬೇಕಿದ್ದ ನಾಟಕ, ಮುಖ್ಯ ಅತಿಥಿ ಪಂಪ್‌ವೆಲ್ ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡ ಕಾರಣ ಆರೂ ಇಪ್ಪತ್ತೈದಕ್ಕೆ ಶುರುವಾಯಿತು. ಮರುದಿನ ಅಲ್ಲಿ ಮದುವೆ. ಡೆಕೊರೇಶನ್‌ನವರಿಗೆ ಎಂಟೂವರೆಗೆ ಹಾಲ್ ಬಿಟ್ಟುಕೊಡಬೇಕು, ಒಂದು ನಿಮಿಷವೂ ಹೆಚ್ಚು ಇಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದ.

ಮೊದಲ ಎರಡು ಅಂಕ ನಡೆದ ಚಂದ ನೋಡಬೇಕಿತ್ತು. ವ್ಯಾಪಾರಿಯ ಪಾತ್ರದ ಅಶ್ವಿತ್ ಸೈತಾನನ ಕೈಗೆ ಕೈ ಕೊಟ್ಟಾಗ ಹಿಂದಿನ ಸಾಲಿನ ಹುಡುಗರೂ ಮೊಬೈಲ್ ಕೆಳಗಿಟ್ಟರು. ಪಕ್ಕದ ಪರದೆಯ ಮರೆಯಲ್ಲಿ ನಿಂತ ಟೀಚರ್ ಪ್ರತಿ ಮಾತನ್ನೂ ಬಾಯೊಳಗೇ ಹೇಳಿಕೊಳ್ಳುತ್ತಿದ್ದರು. ಆಗ ಪರದೆ ಬಿತ್ತು, ಕೆತ್ತನೆಯ ಕುರ್ಚಿ ಬಂತು.

ಏಳು ಶಾಲು, ಏಳು ಪೇಟ, ಏಳು ಬುಟ್ಟಿ. ಒಬ್ಬರಿಗೆ ಪೇಟ ಸಣ್ಣದಾಯಿತೆಂದು ಬದಲಾಯಿಸಿದರು. ಇನ್ನೊಬ್ಬರ ಹೆಂಡತಿ ಫೋಟೋಕ್ಕೆ ಬರಲಿ ಎಂದು ಕಾದರು. ಟೀಚರಿಗೆ ತಲೆ ಚಿಟ್ಟು ಹಿಡಿದುಹೋಯಿತು. ಏಳನೆಯವರು ಇಳಿಯುವಾಗ ಎಂಟೂ ಹದಿನಾಲ್ಕು. ಇನ್ನೂ ಹದಿನಾರು ನಿಮಿಷ ಉಂಟು, ಉಳಿದದ್ದು ಕೊನೆಯ ದೃಶ್ಯ ಒಂದೇ, ಸಾಕು ಬೇಕಾದಷ್ಟು ಎಂದು ಅಶ್ವಿತ್‌ನಿಗೆ ಸನ್ನೆ ಮಾಡಿದರು.

ಅಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದ ಬೆನಿಟಾ ಮೈಕಿನಲ್ಲಿ, "ಈಗ ನಿಮಗೊಂದು ಅಚ್ಚರಿ. ಈ ನಾಟಕದ ಕರ್ತೃ ಡುಲ್ಸಿನ್ ಟೀಚರಿಗೆ ಸನ್ಮಾನ," ಅಂದಳು.

ಟೀಚರ್ ಬೇಡ ಬೇಡ ಎಂದು ಕೈ ಆಡಿಸಿದರು. ಶೆಟ್ಟರೇ ಎದ್ದು ಬಂದರು.

"ಸಮಯ ಇಲ್ಲ ಶೆಟ್ರೇ, ದಮ್ಮಯ್ಯ."

"ಎರಡೇ ನಿಮಿಷ. ನಿಮಗೆ ಮಾಡದೆ ಮತ್ತೆ ಯಾರಿಗೆ ಮಾಡುವುದು ಟೀಚರೇ?"

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ನಿವೃತ್ತಿಯ ದಿನ ಶಾಲೆಯವರು ಒಂದು ಗೋಡೆ ಗಡಿಯಾರ ಕೊಟ್ಟು, ಸಮೋಸ ತಿನ್ನಿಸಿ ಕಳಿಸಿದ್ದರು. ಶಾಲು ಅಂತ ಅವರ ಹೆಗಲಿಗೆ ಯಾರೂ ಹಾಕಿರಲಿಲ್ಲ. ಎರಡು ನಿಮಿಷ ತಾನೇ ಎಂದುಕೊಂಡು ಹೋಗಿ ಕೂತರು.

ಮಲ್ಲಿಗೆ ಹಾರ ಬಿತ್ತು. ಬೆನಿಟಾ ಸನ್ಮಾನ ಪತ್ರ ಓದಲು ತೊಡಗಿದಳು. "ಸರಸ್ವತಿಯ ವರಪುತ್ರಿ" ಎಂದು ಶುರುವಾದ ಪತ್ರ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಎದುರಿನ ಗೋಡೆಯ ಗಡಿಯಾರದಲ್ಲಿ ಎಂಟೂ ಹತ್ತೊಂಬತ್ತು. ಈಗ ಎದ್ದು ಸಾಕು ಅಂದರೆ ದೃಶ್ಯ ಉಳಿಯುತ್ತಿತ್ತು, ಅಷ್ಟು ಲೆಕ್ಕ ಟೀಚರಿಗೆ ಬರುತ್ತಿತ್ತು. ಅಷ್ಟರಲ್ಲಿ ಬೆನಿಟಾ, "ಈ ನಾಟಕದ ಕೊನೆಯ ದೃಶ್ಯಕ್ಕೆ ಕನ್ನಡದಲ್ಲಿ ಸಾಟಿಯಿಲ್ಲ," ಎಂದು ಓದಿದಳು. ಸಭೆ ಚಪ್ಪಾಳೆ ತಟ್ಟಿತು. ಮುಂದೆ ಎಂತ ಬರೆದಿದ್ದಾರೋ, ಅದೊಂದು ವಾಕ್ಯ ಕೇಳಿಯೇ ಏಳುವ ಎಂದು ಟೀಚರ್ ಕಿವಿಗೊಟ್ಟರು.

ಪಕ್ಕದ ಪರದೆಯ ಹತ್ತಿರ ಕೊಂಬು ಇಟ್ಟುಕೊಂಡ ಅನ್ಸಾರ್ ತನ್ನ ಮಣಿಕಟ್ಟು ಮುಟ್ಟಿ ಮುಟ್ಟಿ ತೋರಿಸುತ್ತಿದ್ದ. ಟೀಚರ್ ಅವನನ್ನು ಸರಿಯಾಗಿಯೇ ಕಂಡರು. ಕಂಡು, ಮುಖ ತಿರುಗಿಸಿ ಕ್ಯಾಮರಾ ನೋಡಿದರು.

ಪತ್ರ ಮುಗಿಯುವಾಗ ಎಂಟೂ ಇಪ್ಪತ್ತಾರು. ಎರಡು ಮಾತು ಆಡಿ ಎಂದು ಶೆಟ್ಟರು ಮೈಕ್ ಕೊಟ್ಟರು. ಆಗಲಾದರೂ ಬೇಡ ಅನ್ನಬಾರದಿತ್ತಾ? ಮೈಕ್ ಹಿಡಿದು, ತಮ್ಮ ಅಪ್ಪನಿಂದ ಹಿಡಿದು ಅಕ್ಷರ ಜೋಡಿಸಿದ ಡಿಟಿಪಿಯವಳ ತನಕ ಎಲ್ಲರನ್ನೂ ನೆನೆದರು. ಧನ್ಯವಾದ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಪ್ಲಾಸ್ಟಿಕ್ ಹೂವಿನ ಕಂಬಗಳು ಒಳಗೆ ಬಂದವು. ಜನ ಎದ್ದರು.

"ಟೀಚರ್, ಕೊನೆಯ ದೃಶ್ಯ?" ಅನ್ಸಾರ್ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಗಂಟೆ ಎಷ್ಟಾಯ್ತು ನೋಡು. ಈಗ ಎಂತ ದೃಶ್ಯ?" ಎಂದು ಅವನ ಮೇಲೆಯೇ ಹಾಯ್ದರು. ತಪ್ಪು ಅವನದ್ದೇ ಏನೋ ಎಂಬ ಹಾಗೆ.

ಅವನು ಕೊಂಬು ಬಿಚ್ಚಿದ. ಪರದೆಯ ಹಿಂದೆ ಅಶ್ವಿತ್ ಇನ್ನೂ ವ್ಯಾಪಾರಿಯ ಕುರ್ಚಿಯಲ್ಲೇ ಕೂತಿದ್ದ.

ಫೋಟೋದವನು ಟೀಚರನ್ನು ಶೆಟ್ಟರ ಪಕ್ಕ ನಿಲ್ಲಲು ಕರೆದ. ಅವರು ಅತ್ತ ಹೊರಡುವಾಗ ಪ್ರಾಯ ಸಂದ ಹೆಂಗಸೊಬ್ಬರು ಮೆಟ್ಟಿಲ ಹತ್ತಿರ ಬಂದು ಕೈ ಹಿಡಿದುಕೊಂಡರು.

"ಭಾರೀ ಲಾಯ್ಕಾಯ್ತು ಟೀಚರೇ. ಆ ವ್ಯಾಪಾರಿಗೆ ಎಂತ ಆಗ್ತದೋ ಅಂತ ನನಗೆ ಹೆದರಿಕೆ ಆಗಿತ್ತು. ಕೊನೆಗೆ ಅವನು ಬಚಾವಾದ ಅಲ್ವಾ?"

ಇಲ್ಲ ಅನ್ನುವ ಮಾತು ಟೀಚರ ನಾಲಗೆಯ ತುದಿಯವರೆಗೆ ಬಂತು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ, ಆ ಒಂಬತ್ತು ನಿಮಿಷ ಎಲ್ಲಿ ಹೋಯಿತು ಎಂದೂ ಹೇಳಬೇಕಾಗುತ್ತದೆ. ಅಲ್ಲಿ ಫೋಟೋದವನು ಮತ್ತೊಮ್ಮೆ ಕರೆದ.

"ಹೌದು, ಬಚಾವಾದ," ಅಂದರು ಡುಲ್ಸಿನ್ ಟೀಚರ್. ಕೈ ಬಿಡಿಸಿಕೊಂಡು ಹೋಗಿ, ಶಾಲಿನ ಜರಿ ಕಾಣುವ ಹಾಗೆ ಸರಿಮಾಡಿಕೊಂಡು ಶೆಟ್ಟರ ಪಕ್ಕ ನಿಂತರು.