ಬೇರಿನಿಂದ ಬೀಜದ ತನಕ

ಉತ್ತಮನು ಕೊತ್ತಂಬರಿ ಬಿಟ್ಟದ್ದು ಭಕ್ತಿಯಿಂದಲ್ಲ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿನಿಂದ. ಚಾತುರ್ಮಾಸಕ್ಕೆ ಬೆಳಗಾವಿಗೆ ಬಂದಿದ್ದ ಮುನಿಮಹಾರಾಜರು ಬಸದಿಯಲ್ಲಿ ಪ್ರವಚನ ಮುಗಿಸಿ, ಯಾರಾದರೂ ಒಂದು ಪದಾರ್ಥ ತ್ಯಾಗ ಮಾಡುವಿರಾ ಎಂದು ಕೇಳಿದರು. ಖಾನಾಪುರದಿಂದ ಬಂದಿದ್ದ ಷಡ್ಡಕ ಅತಿಶಯನು ಎದ್ದು, ಬೆಳಗಾವಿಯ ಹೆಸರಾಂತ ಸಿಹಿ ಕುಂದಾವನ್ನು ಜನ್ಮಪೂರ್ತಿ ಬಿಟ್ಟ. ಜನ ಜೈಕಾರ ಹಾಕಿದರು. ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಅವರಿಗೇನು ಗೊತ್ತು!

ಉತ್ತಮ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. ಆ ಹೊತ್ತಿಗೆ ಅವನಿಗೆ ಹೊಳೆದದ್ದು ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಚಂದ್ರವ್ವ ಕೊಂಡದ್ದರ ಮೇಲೆ ಪುಕ್ಕಟೆ ಇಡುವ ನಾಲ್ಕು ಎಸಳು ಕೊತ್ತಂಬರಿ. ಅದು ಹೋದರೆ ಹೋಯಿತು. ಆದರೆ ಬರೀ ಸೊಪ್ಪು ಅಂದರೆ ಕುಂದಾದ ಮುಂದೆ ಸಣ್ಣದಾದೀತಲ್ಲ!

"ಕೊತ್ತಂಬರಿ ಬಿಟ್ಟೇನ್ರಿ ಮಹಾರಾಜರ. ಬೇರಿನಿಂದ ಬೀಜದ ತನಕ, ಜನ್ಮಪೂರ್ತಿ!"

ಹೆಂಗಸರ ಸಾಲಿನಲ್ಲಿ ಹೆಂಡತಿ ಸುಹಾಸಿನಿ ಹಣೆ ಬಡಿದುಕೊಂಡಳು.

ಮನೆಗೆ ಬಂದ ಮೇಲೆ ಉತ್ತಮನಿಗೆ ತಿಳಿಯಿತು. ಕೊತ್ತಂಬರಿ ಬೀಜ ಮಸಾಲಿ ಖಾರದಲ್ಲಿತ್ತು, ಅವಲಕ್ಕಿ ಚೂಡಾದಲ್ಲಿತ್ತು, ಅವನು ಜೀವ ಬಿಡುತ್ತಿದ್ದ ಕಟ್ಟಿನ ಸಾರಿನಲ್ಲಂತೂ ಇತ್ತೇ ಇತ್ತು.

"ಹಂಗಾದ್ರ ನಾ ತಿನ್ನೂದು ಏನ?"

"ಬಿಳಿ ಅನ್ನ ಐತಲ್ರಿ," ಎಂದಳು ಸುಹಾಸಿನಿ.

ಹಾಗೆಂದರೂ ಅವಳು ಅವನಿಗೆ ಬೇರೆ ಖಾರ ಕುಟ್ಟಿದಳು, ಬೇರೆ ಗಡಿಗೆ ಇಟ್ಟಳು. ವರ್ಷವಿಡೀ ದಿನಕ್ಕೆ ಎರಡು ಸಾರು, ಎರಡು ಪಲ್ಯ. ಉತ್ತಮ ಪ್ರತಿ ತುತ್ತಿಗೂ ರುಚಿಯಿಲ್ಲ ಎಂದು ಗೊಣಗಿದ. ಮದುವೆಮನೆಗಳಲ್ಲಿ ಜನ "ತ್ಯಾಗಿಗಳು ಬಂದ್ರು, ಬರ್ರಿ, ಕುಂದರ್ರಿ" ಎನ್ನುವಾಗ ಮಾತ್ರ ಗೊಣಗುತ್ತಿರಲಿಲ್ಲ.

ಮರುವರ್ಷ ಅದೇ ಬಸದಿ, ಅದೇ ಪ್ರಶ್ನೆ. ಈ ಸಲ ಸುಹಾಸಿನಿ ಎದ್ದಳು. ತನ್ನ ಸಲುವಾಗಿ ಅವಳೂ ಕೊತ್ತಂಬರಿ ಬಿಡುತ್ತಾಳೆಂದು ಉತ್ತಮನ ಕಣ್ಣು ತೇವವಾದವು. ಪಕ್ಕದಲ್ಲಿ ಕೂತಿದ್ದ ಅತಿಶಯನನ್ನು ಮೊಣಕೈಯಿಂದ ತಿವಿದ. "ನೋಡಪಾ, ಹೆಂಡತಿ ಅಂದ್ರ ಹಿಂಗಿರಬೇಕ."

"ಎರಡ ಗಡಿಗಿ ಅಡಗಿ ಮಾಡೂದು ಬಿಟ್ಟೇನ್ರಿ ಮಹಾರಾಜರ," ಎಂದಳು. "ಜನ್ಮಪೂರ್ತಿ."

"ಮತ್ತ ನಿಮ್ಮ ಯಜಮಾನರ ಊಟ?" ಎಂದು ಮಹಾರಾಜರು ಕೇಳಿದರು.

"ಅವರ ತ್ಯಾಗ ಅವರದ್ರಿ. ಒಂದ ವರ್ಷ ನಾ ಮಾಡೀನಿ, ಈಗ ಅವರ ಮಾಡ್ಲಿ."

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕಿದವನು ಅತಿಶಯ. ಉತ್ತಮನಿಗೆ ನಾಚಿಕೆಯಾಯಿತು, ಖರೇ ನಾಚಿಕೆ. ವರ್ಷದಲ್ಲಿ ಒಮ್ಮೆಯೂ ಅವಳ ಎರಡನೆಯ ಗಡಿಗೆಯತ್ತ ಅವನು ತಿರುಗಿ ನೋಡಿರಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಖಾಲಿ ಗಡಿಗೆ ಹಿಡಿದು ನಿಂತ.

"ಬ್ಯಾಳಿಗೆ ನೀರ ಎಷ್ಟ ಹಾಕಬೇಕ?"

ಸುಹಾಸಿನಿ ತನ್ನ ಸಾರಿನ ಮೇಲೆ ಕೊತ್ತಂಬರಿ ಉದುರಿಸುತ್ತಿದ್ದಳು.

"ಮೊದಲ ಬ್ಯಾಳಿ ತೊಳೀರಿ," ಎಂದಳು.